ನಾಗಪುರದ ಟೇಕಡಿಗಳೂ ನಮ್ಮ ಕ್ಯಾಮರಾಗಳೂ

ನಾಗಪುರದ ಕನ್ನಡಿಗರ ಮನೆಗಳಿಗೆ ಹಬ್ಬಹರಿದಿನಗಳಲ್ಲಿ ಹೋದಾಗ ಗೋಡೆಯ ಮೇಲಿನ ಚಿತ್ರಗಳನ್ನು ನೋಡುತ್ತ ನಿಲ್ಲುವುದು ನನ್ನ ಹಳೆಯ ಚಾಳಿ. ಜೋಗದ ಜಲಪಾತ, ಹಂಪೆಯ ಕಲ್ಲಿನ ರಥ, ಆಗುಂಬೆಯ ಸೂರ್ಯಾಸ್ತ, ಚಾಮುಂಡಿಬೆಟ್ಟದ ಮೇಲಿನಿಂದ ಕಂಡ ಮೈಸೂರಿನ ದೀಪಾಲಂಕಾರ, ಇವುಗಳಲ್ಲಿ ಒಂದಾದರೂ ಇಲ್ಲದ ಮನೆ ವಿರಳವೆಂದೇ ಹೇಳಬೇಕು. ಅವೆಲ್ಲ ನೋಡತಕ್ಕ ಚಿತ್ರಗಳೇ, ಸಂದೇಹವಿಲ್ಲ. ಆದರೆ ಮೂವತ್ತು ನಲವತ್ತು ವರ್ಷ ಅನ್ನ ನೀಡಿದ ಈ ನೆಲದ ಒಂದು ವಿಶಾಲ ದೃಶ್ಯವನ್ನು ನಮ್ಮವರ ಮನೆಯ ಗೋಡೆಯ ಮೇಲೆ ನಾನು ಈವರೆಗೆ ಕಂಡಿಲ್ಲ. ಇಲ್ಲಿ ತೆಗೆದ ಚಿತ್ರಗಳು ಆಲ್ಬಮ್ಮುಗಳಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಇರುವುದು ನಾಮಕರಣ, ಮುಂಜಿ, ಮದುವೆ, ಹಾಗೂ ನಮ್ಮ ಸಂಘದ ನಾಟಕದ ಬಣ್ಣ ಹಚ್ಚಿದ ಮುಖಗಳು. ಊರು ಎಲ್ಲಿಯೂ ಇಲ್ಲ.

ಒಮ್ಮೆ ಈ ಮಾತನ್ನು ಎತ್ತಿದಾಗ ಧಾರವಾಡದ ಕಡೆಯ ಹಿರಿಯ ಮಿತ್ರರೊಬ್ಬರು, "ಏನ್ರೀ ರಾಯರ, ಇಲ್ಲಿ ಫೋಟೋ ತೆಗೀಲಿಕ್ಕೆ ಏನದ? ಗುಡ್ಡ ಇಲ್ಲ, ಹೊಳಿ ಇಲ್ಲ, ಬಿಸಲೊಂದ ಅದ" ಎಂದು ನಕ್ಕರು. ಸಭೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ತಪ್ಪೆಂದು ನನ್ನ ಅಭಿಪ್ರಾಯ; ಅದನ್ನು ತಿದ್ದುವುದಕ್ಕಾಗಿಯೇ ಈ ಲೇಖನ.

ಗುಡ್ಡಗಳು ಇವೆ. ಅವು ಚಿಕ್ಕವು ಎಂಬುದು ಮಾತ್ರ ನಿಜ. ಮರಾಠಿಯಲ್ಲಿ ಅವುಗಳಿಗೆ ಟೇಕಡಿ ಎನ್ನುತ್ತಾರೆ. ನಮ್ಮಲ್ಲಿ ಮರಡಿ, ದಿಣ್ಣೆ, ತಿಟ್ಟು ಎಂದು ಕರೆಯುವಂಥವು. ನಗರದ ನಡುವೆಯೇ ಸೀತಾಬರ್ಡಿಯ ಜೋಡಿ ಗುಡ್ಡಗಳಿವೆ. ಪಶ್ಚಿಮಕ್ಕೆ ಸೆಮಿನರಿ ಹಿಲ್ಸ್. ಅದರ ಆಚೆ, ನಾಗನದಿ ಹುಟ್ಟುವ ಲಾವಾ ಗ್ರಾಮದ ಕಡೆಯ ಏರುಗಳು. ಈಶಾನ್ಯಕ್ಕೆ ಸುಮಾರು 50 ಕಿಲೋಮೀಟರು ಹೋದರೆ ರಾಮಟೇಕ. ಮಲೆನಾಡಿನಿಂದ ಬಂದವರಿಗೆ ಇವು ಗುಡ್ಡಗಳೆಂದೇ ತೋರುವುದಿಲ್ಲ. ಮುಳ್ಳಯ್ಯನಗಿರಿಯ 1930 ಮೀಟರನ್ನು ಅಳತೆಗೋಲಾಗಿ ಹಿಡಿದು ಬಂದ ಕಣ್ಣಿಗೆ ಇವು ತೋರುವುದಾದರೂ ಹೇಗೆ?

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ವಾಚಕರ ಮುಂದಿಡಬೇಕಾಗಿದೆ. ಸಮತಟ್ಟಾದ ಬಯಲಿನಿಂದ ಇಂತಿಷ್ಟು ಮೀಟರು ಎತ್ತರದಲ್ಲಿ ನಿಂತರೆ ದಿಗಂತ ಎಷ್ಟು ದೂರವಿರುತ್ತದೆ ಎಂಬುದನ್ನು ತಿಳಿಯಲು ಆ ಎತ್ತರದ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ಸಾಕು. ಉತ್ತರ ಕಿಲೋಮೀಟರುಗಳಲ್ಲಿ ಬರುತ್ತದೆ. 25 ಮೀಟರಿನ ದಿಣ್ಣೆಯಿಂದ ದಿಗಂತ ಸುಮಾರು 18 ಕಿಲೋಮೀಟರು. 100 ಮೀಟರಿನ ಗುಡ್ಡದಿಂದ 36. 400 ಮೀಟರಿನ ಬೆಟ್ಟದಿಂದ 71. ನಾಲ್ಕು ಪಟ್ಟು ಎತ್ತರ ಹತ್ತಿದವನಿಗೆ ದೊರೆಯುವುದು ಎರಡು ಪಟ್ಟು ನೋಟ ಮಾತ್ರ. ಆ ಹೆಚ್ಚಿನ ದೂರವನ್ನೂ ಧೂಳು ಮಂಜುಗಳು ನುಂಗಿಬಿಡುವುದೇ ಹೆಚ್ಚು. ಚಿಕ್ಕ ಗುಡ್ಡದ ಮೇಲೆ ನಿಂತವನಿಗಾದರೋ ದಿಗಂತವೂ ಕಾಣುತ್ತದೆ, ಕೆಳಗಿನ ಗದ್ದೆಯಲ್ಲಿ ನಿಂತಿರುವುದು ಎತ್ತೋ ಬಂಡೆಯೋ ಎಂಬುದೂ ತಿಳಿಯುತ್ತದೆ. ಬಹು ಎತ್ತರದ ಶಿಖರದಿಂದ ಊರು ನಕ್ಷೆಯಾಗಿಬಿಡುತ್ತದೆ. ಚಿಕ್ಕ ಗುಡ್ಡದಿಂದ ಅದು ಊರಾಗಿಯೇ ಉಳಿಯುತ್ತದೆ.

ಇದನ್ನು ಚೆನ್ನಾಗಿ ಅರಿತವರು ಡೆನ್ಮಾರ್ಕ್ ದೇಶದವರು. ಆ ದೇಶದ ಅತ್ಯುನ್ನತ ನೈಸರ್ಗಿಕ ಸ್ಥಳವೇ ಸಮುದ್ರಮಟ್ಟದಿಂದ 171 ಮೀಟರನ್ನು ದಾಟುವುದಿಲ್ಲ. ಅದಕ್ಕಿಂತಲೂ ತಗ್ಗಾದ 147 ಮೀಟರಿನ ಇನ್ನೊಂದು ಗುಡ್ಡಕ್ಕೆ ಅವರು ಹಿಮ್ಮೆಲ್‌ಬ್ಯರ್ಗೆಟ್, ಎಂದರೆ ಆಕಾಶಬೆಟ್ಟ, ಎಂದು ಹೆಸರಿಟ್ಟಿದ್ದಾರೆ. 1875ರಲ್ಲಿ ಅದರ ನೆತ್ತಿಯಲ್ಲಿ 25 ಮೀಟರಿನ ಗೋಪುರವನ್ನೂ ಕಟ್ಟಿದ್ದಾರೆ. ಕೆಳಗಿನ ಸರೋವರ, ಕಾಡು, ಹೊಲಗಳ ನೋಟವನ್ನು ಸೆರೆಹಿಡಿಯಲು ಕ್ಯಾಮರಾ ಹೊತ್ತವರು ಅಲ್ಲಿಗೆ ಇಂದಿಗೂ ಹತ್ತುತ್ತಾರೆ. ನಮ್ಮ ನಾಗಪುರದ ನೆಲವೇ ಸಮುದ್ರಮಟ್ಟದಿಂದ ಸುಮಾರು 310 ಮೀಟರು ಮೇಲಿದೆ. ಇಲ್ಲಿನ ರೈಲು ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ಟ್ರಂಕು ಇಟ್ಟುಕೊಂಡು ಕುಳಿತವನೂ ಡೆನ್ಮಾರ್ಕಿನ ಆಕಾಶಬೆಟ್ಟಕ್ಕಿಂತ ಎತ್ತರದಲ್ಲಿ ಕುಳಿತಿರುತ್ತಾನೆ! ಇದು ವಿನೋದಕ್ಕೆ ಹೇಳಿದ ಮಾತು. ಆದರೆ ಇದ್ದಷ್ಟು ಎತ್ತರವನ್ನು ಆದರದಿಂದ ಹತ್ತುವ ಆ ಜನರ ಗುಣ ನಮ್ಮಲ್ಲಿ ಇಲ್ಲವಲ್ಲ ಎಂಬುದು ವಿನೋದವಲ್ಲ.

ಸುತ್ತಲ ನೋಟವನ್ನು ಒಂದೇ ಚಿತ್ರದಲ್ಲಿ ತೋರಿಸುವ ಪನೋರಮಾ ಎಂಬ ಕಲೆ ಹುಟ್ಟಿದ್ದೂ ಒಂದು ಚಿಕ್ಕ ಗುಡ್ಡದ ಮೇಲೆಯೇ. ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರ ಎಡಿನ್‌ಬರೋ ನಗರದ ಕ್ಯಾಲ್ಟನ್ ಗುಡ್ಡದ ಮೇಲಿನಿಂದ ಕಂಡ ಊರನ್ನು ವೃತ್ತಾಕಾರವಾಗಿ ಬರೆಯುವ ಉಪಾಯಕ್ಕೆ 1787ರಲ್ಲಿ ಹಕ್ಕುಪತ್ರ ಪಡೆದನು. ಈ ಕಲೆಗೂ ಕನ್ನಡನಾಡಿಗೂ ಬೇಗನೆ ಒಂದು ವಿಚಿತ್ರ ಸಂಬಂಧ ಬೆಳೆಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವಕ ಆ ಕದನದ ಸುಮಾರು 120 ಅಡಿ ಉದ್ದದ ಪನೋರಮಾ ಚಿತ್ರವನ್ನು ಲಂಡನ್ನಿನಲ್ಲಿ ಪ್ರದರ್ಶಿಸಿದನು. ಜನ ಮುಗಿಬಿದ್ದು ನೋಡಿದರು. ಬರೆದವನು ಮಾತ್ರ ಭಾರತವನ್ನು ಕಣ್ಣಿನಿಂದ ಕಂಡವನಲ್ಲ, ಕಾವೇರಿಯ ದಡದಲ್ಲಿ ಒಂದು ಗಳಿಗೆ ನಿಂತವನಲ್ಲ. ನಮ್ಮ ನೆಲದ ಅತಿ ದೊಡ್ಡ ಚಿತ್ರವನ್ನು ನಮ್ಮ ನೆಲ ಕಾಣದವನು ಬರೆದ ಈ ಕಥೆ ಓದಿದಾಗಲೆಲ್ಲ ನನಗೆ ಸ್ವಲ್ಪ ಕಸಿವಿಸಿ. ನಾಗಪುರದಲ್ಲಿ ನಿಂತಿದ್ದೂ ಅದನ್ನು ಕಾಣದ ನಾವು ಆ ಪೋರ್ಟರನನ್ನು ಹಳಿಯುವ ಹಾಗಿಲ್ಲ.

ಈಗ ರಾಮಟೇಕಕ್ಕೆ ಬರೋಣ. ನಾನು ಮೊದಲ ಬಾರಿಗೆ ಕ್ಯಾಮರಾದೊಡನೆ ಅಲ್ಲಿಗೆ ಹತ್ತಿದ್ದು 1986ರ ನವೆಂಬರಿನಲ್ಲಿ. ಮೇಲೆ ಭೋಂಸ್ಲೆಯವರ ಕಾಲದ ರಾಮಮಂದಿರ, ಕೋಟೆಯ ಗೋಡೆ, ಅದಕ್ಕೂ ಬಹು ಹಿಂದಿನ, ವಾಕಾಟಕರ ಐದನೆಯ ಶತಮಾನದ ನರಸಿಂಹ ದೇಗುಲಗಳು. ಕೆಳಗೆ ಗುಡಿಗಳಿಂದ ಸುತ್ತುವರಿದ ಅಂಬಾಳಾ ಕೆರೆ. ಇನ್ನೊಂದು ಕಡೆ ಖಿಂಡ್ಸಿ ಜಲಾಶಯ. ಉಳಿದೆಡೆಯೆಲ್ಲ ಭತ್ತದ ಗದ್ದೆ. ನಾಗಪುರದ ಪಶ್ಚಿಮದ ಕಪ್ಪುಮಣ್ಣು, ಹತ್ತಿ, ಕಿತ್ತಳೆ ತೋಟಗಳನ್ನು ಮಾತ್ರ ಕಂಡವರಿಗೆ ಇಲ್ಲಿ ಬೇರೆ ಸೀಮೆಗೇ ಬಂದಂತಾಗುತ್ತದೆ. ಅದಕ್ಕೆ ಕಾರಣವೂ ಇದೆ. ದಖನ್ನಿನ ಬಸಾಲ್ಟ್ ಶಿಲೆಯ ಹಾಸು ನಾಗಪುರದ ಆಸುಪಾಸಿನಲ್ಲಿಯೇ ಮುಗಿಯುತ್ತದೆ. ರಾಮಟೇಕದ ಬಂಡೆ ಅದಕ್ಕಿಂತ ಎಷ್ಟೋ ಪ್ರಾಚೀನವಾದ ಬೇರೊಂದು ಜಾತಿಯದು. ಹತ್ತಿರದ ಮಾನ್ಸರದಲ್ಲಿ ಮ್ಯಾಂಗನೀಸ್ ಗಣಿಗಳಿರುವುದೂ ಈ ಬೇರೆ ಶಿಲೆಯ ದೆಸೆಯಿಂದಲೇ. ಮಣ್ಣಿನ ಬಣ್ಣ ಬದಲಾಗುವುದನ್ನು ಪುಸ್ತಕದಲ್ಲಿ ಓದುವುದು ಬೇರೆ, ಒಂದು ಉದ್ದನೆಯ ಚಿತ್ರದ ಎಡತುದಿಯಿಂದ ಬಲತುದಿಗೆ ಕಣ್ಣೋಡಿಸಿ ಕಾಣುವುದು ಬೇರೆ.

ಇದು ಕಾಳಿದಾಸನ ರಾಮಗಿರಿ ಎಂಬುದು ಮಹಾಮಹೋಪಾಧ್ಯಾಯ ಮಿರಾಶಿಯವರೇ ಮೊದಲಾದ ವಿದ್ವಾಂಸರ ಅಭಿಪ್ರಾಯ. ಛತ್ತೀಸಗಢದ ರಾಮಗಢವೇ ಅದು ಎನ್ನುವವರೂ ಇದ್ದಾರೆ. ವಾದ ಹೇಗೇ ಇರಲಿ, ಬೇಂದ್ರೆಯವರ ಕನ್ನಡ ಮೇಘದೂತವನ್ನು ಓದಿ ಬೆಳೆದ ನಮ್ಮ ತಲೆಮಾರಿನವರಿಗೆ ಆ ಗುಡ್ಡದ ಮೇಲೆ ಯಕ್ಷನ ನೆನಪಾಗದಿರುವುದು ಸಾಧ್ಯವಿಲ್ಲ. ಹೊಟ್ಟೆಪಾಡಿಗೆ ಹೊರನಾಡಿಗೆ ಬಂದವರಿಗೆ ಆತ ಬಂಧುವೇ ಸರಿ. ಅವನ ಶಾಪದ ಅವಧಿ ಒಂದೇ ವರ್ಷ, ನಮ್ಮದು ನಿವೃತ್ತಿಯವರೆಗೆ! ಅವನು ಮೇಘಕ್ಕೆ ಹೇಳುವುದೆಲ್ಲ ತನ್ನೂರಿನ ದಾರಿ, ತನ್ನೂರಿನ ಮನೆ, ತನ್ನೂರಿನ ಹೆಂಡತಿಯ ವಿಚಾರವೇ. ಆದರೆ ಕವಿ ಮಾತ್ರ ಹಾಗೆ ಮಾಡಲಿಲ್ಲ ಎಂಬುದನ್ನು ಗಮನಿಸಬೇಕು. ಕಾವ್ಯವನ್ನು ಅಲಕಾನಗರಿಯಿಂದ ಆರಂಭಿಸದೆ, ಯಕ್ಷ ಇದ್ದ ಗುಡ್ಡದ ಮರದ ನೆರಳಿನಿಂದ, ಸೀತೆ ಮಿಂದ ನೀರಿನಿಂದ ಆರಂಭಿಸಿದ್ದಾನೆ.

ನಮಗೆ ಇನ್ನೂ ಹತ್ತಿರದ ಸಂಬಂಧವೂ ಆ ಗುಡ್ಡದಿಂದ ಕಾಣುತ್ತದೆ. ದಕ್ಷಿಣಕ್ಕೆ ಕೆಲವೇ ಕಿಲೋಮೀಟರು ದೂರದಲ್ಲಿ ನಗರಧನವಿದೆ. ಪ್ರಾಚೀನ ನಂದಿವರ್ಧನ ಅದೇ. ವರ್ಧಾದ ಬಳಿಯ ದೇವಳಿಯಲ್ಲಿ ದೊರೆತ, ಕ್ರಿ.ಶ. 940ರ ತಾಮ್ರಶಾಸನ ನಾಗಪುರ-ನಂದಿವರ್ಧನವೆಂಬ ನಾಡಿನಲ್ಲಿದ್ದ ಗ್ರಾಮವೊಂದರ ದಾನವನ್ನು ಹೇಳುತ್ತದೆ. ನಾಗಪುರ ಎಂಬ ಹೆಸರಿನ ಅತಿ ಹಳೆಯ ಉಲ್ಲೇಖವೆಂದು ಇಲ್ಲಿನ ಇತಿಹಾಸಕಾರರು ಎತ್ತಿ ತೋರಿಸುವುದು ಇದನ್ನೇ. ದಾನ ಕೊಟ್ಟವನಾರು? ಮಾನ್ಯಖೇಟದ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ, ಪೊನ್ನನ ಆಶ್ರಯದಾತ! ನಾವು ಈ ಊರಿಗೆ ನಿನ್ನೆ ಮೊನ್ನೆ ಬಂದವರೆಂದು ಸಂಕೋಚಪಡುವಾಗಲೆಲ್ಲ ನನಗೆ ಆ ತಾಮ್ರಪಟ ನೆನಪಾಗುತ್ತದೆ. ಇದರಿಂದ ನಾವು ಇಲ್ಲಿ ಯಾವ ಹಕ್ಕನ್ನೂ ಸಾಧಿಸಬೇಕಾಗಿಲ್ಲ. ಕಣ್ಣೆತ್ತಿ ನೋಡಲು ಒಂದು ನೆಪವಾದರೆ ಸಾಕು.

1986ರ ಆ ಚಿತ್ರ ಕೆಟ್ಟಿತು. ತಪ್ಪು ಸಂಪೂರ್ಣ ನನ್ನದೇ. ಪ್ರತಿ ಬಾರಿ ಕ್ಯಾಮರಾ ತಿರುಗಿಸಿದಾಗಲೂ ಬೆಳಕಿನ ಮಾಪಕದ ಮುಳ್ಳು ಅಲುಗಿತು, ನಾನು ಮುಳ್ಳಿಗೆ ವಿಧೇಯನಾಗಿ ಅಳತೆ ಬದಲಿಸುತ್ತ ಹೋದೆ. ಚಿತ್ರಗಳನ್ನು ತೊಳೆಸಿ ತಂದು ಸಾಲಾಗಿ ಅಂಟಿಸಿದರೆ ರಾಮಟೇಕದ ಮೇಲೆ ಮೂರು ಬಣ್ಣದ ಆಕಾಶ! ಆರನೆಯ ಮತ್ತು ಏಳನೆಯ ಚಿತ್ರಗಳ ನಡುವೆ ಒಂದು ತುಂಡು ನೆಲವೇ ಮಾಯವಾಗಿತ್ತು. ಆ ಬಳಿಕ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ, ಬಲ್ಲವರು ಕ್ಷಮಿಸಬೇಕು.

ಕ್ಯಾಮರಾವನ್ನು ಅಡ್ಡ ಹಿಡಿಯದೆ ನಿಲುವಾಗಿ ಹಿಡಿಯಬೇಕು. ಇಲ್ಲವಾದರೆ ಚಿತ್ರ ರಿಬ್ಬನ್ನಿನಂತೆ ತೆಳ್ಳಗಾಗುತ್ತದೆ. 35 ಮಿಲಿಮೀಟರು ಫಿಲ್ಮಿನ ಕ್ಯಾಮರಾದಲ್ಲಿ 50 ಮಿಲಿಮೀಟರಿನ ಮಾಮೂಲು ಲೆನ್ಸು ಹೀಗೆ ನಿಲುವಾಗಿ ಹಿಡಿದಾಗ ಸುಮಾರು 27 ಡಿಗ್ರಿ ಅಗಲವನ್ನು ಕಾಣುತ್ತದೆ. ಒಂದೊಂದು ಚಿತ್ರವೂ ಹಿಂದಿನದರ ಮೂರನೆಯ ಒಂದು ಭಾಗವನ್ನು ಮತ್ತೆ ಒಳಗೊಂಡಿರಬೇಕು. ಆ ಲೆಕ್ಕದಲ್ಲಿ ಅರ್ಧವೃತ್ತಕ್ಕೆ ಹತ್ತು ಚಿತ್ರಗಳು ಬೇಕು. ಬೆಳಕಿನ ಅಳತೆಯನ್ನು ನಡುವಣ ದೃಶ್ಯಕ್ಕೆ ಹೊಂದಿಸಿ ಕೊನೆಯವರೆಗೆ ಕೈಹಚ್ಚಬಾರದು. ಆಕಾಶವನ್ನು ನೀಲಿಯಾಗಿಸುವ ಪೋಲರೈಸರ್ ಗಾಜನ್ನು ಚೀಲದಲ್ಲಿಯೇ ಬಿಡುವುದು ಲೇಸು, ಏಕೆಂದರೆ ಅದು ಆಕಾಶದ ಒಂದು ಮೂಲೆಯನ್ನು ಗಾಢವಾಗಿಸಿ ಇನ್ನೊಂದನ್ನು ಬಿಳುಪಾಗಿಸುತ್ತದೆ. ತಿರುಗುವಾಗ ಕ್ಯಾಮರಾ ನಮ್ಮ ಸುತ್ತ ಸುತ್ತದೆ ತಾನು ನಿಂತಲ್ಲಿಯೇ ತಿರುಗಬೇಕು. ಮುಕ್ಕಾಲಿಯಿದ್ದರೆ ಇದು ಸುಲಭ. ಹತ್ತು ಹೆಜ್ಜೆಯೊಳಗಿನ ಕಂಬ, ಕಟಕಟೆಗಳನ್ನು ಚಿತ್ರದೊಳಗೆ ಸೇರಿಸಿದರೆ ಜೋಡಿಸುವಾಗ ಅವು ಮುರಿದಂತೆ ಕಾಣುತ್ತವೆ. ಈಗ ಜೋಡಣೆಯ ಕೆಲಸವನ್ನು ಕಂಪ್ಯೂಟರೇ ಮಾಡಿಕೊಡುತ್ತದೆ. ಹಿಂದಿನಂತೆ ಕತ್ತರಿ, ಅಂಟು ಹಿಡಿದು ರಾತ್ರಿಯೆಲ್ಲ ಕೂಡಬೇಕಾಗಿಲ್ಲ. ಮೊಬೈಲ್ ಫೋನನ್ನು ಒಮ್ಮೆ ಬೀಸಿ ತೆಗೆಯುವ ಉದ್ದ ಚಿತ್ರದ ಬಗ್ಗೆ ನನಗೆ ಅಷ್ಟು ಆದರವಿಲ್ಲ. ನೇರವಾದ ರಸ್ತೆ ಅದರಲ್ಲಿ ಬಿಲ್ಲಿನಂತೆ ಬಾಗುತ್ತದೆ, ನಡೆಯುವ ಎಮ್ಮೆಗೆ ಎರಡು ತಲೆ ಬರುವುದೂ ಉಂಟು. ಆದರೂ ಏನೂ ತೆಗೆಯದೆ ಇಳಿಯುವುದಕ್ಕಿಂತ ಅದು ಮೇಲು.

ಇವೆಲ್ಲಕ್ಕಿಂತ ಮುಖ್ಯವಾದ ಕೆಲಸ ಚಿತ್ರ ತೆಗೆದ ಮೇಲಿನದು. ದಿನಾಂಕ, ವೇಳೆ, ನಿಂತ ಜಾಗ, ಎಡದಿಂದ ಬಲಕ್ಕೆ ಕಾಣುವ ಊರು, ಕೆರೆ, ಹಳ್ಳ, ಕಾರ್ಖಾನೆಗಳ ಹೆಸರು, ಇವನ್ನು ಬರೆದಿಡಬೇಕು. ಎರಡನೆಯ ಸಲ ರಾಮಟೇಕಕ್ಕೆ ಹೋದಾಗ ಕಟ್ಟೆಯ ಮೇಲೆ ಕುಳಿತಿದ್ದ ದನ ಕಾಯುವ ಮುದುಕನೊಬ್ಬನನ್ನು ಕೇಳಿದೆ. ಆತ ಕೋಲು ಚಾಚಿ ಒಂದೊಂದೇ ಹಳ್ಳಿಯ ಹೆಸರು ಹೇಳಿದ. ತನ್ನ ತಂಗಿಯನ್ನು ಕೊಟ್ಟ ಊರು, ನೀರಿಲ್ಲದ ಊರು, ಜಗಳಗಂಟರ ಊರು ಎಂದು ವಿವರಣೆಯನ್ನೂ ಸೇರಿಸಿದ. ನಲವತ್ತು ನಿಮಿಷ ಕಳೆಯಿತು. ಹತ್ತು ವರ್ಷ ಕಚೇರಿಯಲ್ಲಿ ಮರಾಠಿ ಮಾತಾಡಿ ತಿಳಿಯದ ಸಂಗತಿಗಳನ್ನು ಆ ನಲವತ್ತು ನಿಮಿಷಗಳಲ್ಲಿ ತಿಳಿದೆನೆಂದರೆ ಅತಿಶಯೋಕ್ತಿಯಲ್ಲ. ಕೊನೆಗೆ ಆತ, "ಸಾಹೇಬ, ನಿಮ್ಮ ಊರು ಯಾವ ಕಡೆ?" ಎಂದು ಮರಾಠಿಯಲ್ಲಿ ಕೇಳಿದ. ನೈರುತ್ಯದ ಕಡೆ ಕೈ ತೋರಿಸಿದೆ. ಆತ ಆ ದಿಕ್ಕಿಗೆ ಬಹಳ ಹೊತ್ತು ನೋಡಿದ, ಕಂಡೀತು ಎಂಬಂತೆ.

ಚಿತ್ರದಲ್ಲಿ ಚೆಂದವಾದುದು ಮಾತ್ರ ಇರಬೇಕೆಂಬ ಹಟವನ್ನೂ ಬಿಡಬೇಕೆಂದು ನನಗೆ ತೋರುತ್ತದೆ. ಸೆಮಿನರಿ ಹಿಲ್ಸಿನ ಏರಿನಿಂದ ಕೆಳಗೆ ಫುಟಾಳಾ ಕೆರೆ ಕಾಣುತ್ತದೆ. ತಿಳಿಯಾದ ಬೆಳಗಿನಲ್ಲಿ ಉತ್ತರದತ್ತ ತಿರುಗಿದರೆ ಕೋರಾಡಿ ವಿದ್ಯುತ್ ಕೇಂದ್ರದ ಹೊಗೆಗೊಳವೆಗಳು. ಅನೇಕರು ಕೆರೆಯನ್ನು ತೆಗೆದು ಹೊಗೆಗೊಳವೆಯನ್ನು ಬಿಡುತ್ತಾರೆ. ನಮ್ಮ ಮನೆಯ ದೀಪ ಉರಿಯುವುದು ಎಲ್ಲಿಂದ ಎಂಬುದೂ ಊರಿನ ಚಿತ್ರದಲ್ಲಿ ಇರಬೇಡವೇ? ಬಹಳ ಹಿಂದೆ ಆ ಪಶ್ಚಿಮದ ಏರುಗಳಿಂದ ತೆಗೆದ ನನ್ನ ಚಿತ್ರವೊಂದರಲ್ಲಿ ಹಸುರು ಗೆರೆ ಎಳೆದಂತೆ ಒಂದು ಮರಗಳ ಸಾಲು ಇದೆ. ಅದು ಒಂದು ಹಳ್ಳದ ಜಾಡು. ಈಗ ಅಲ್ಲಿ ಮನೆಗಳಿವೆ, ಗೆರೆ ಇಲ್ಲ. 2023ರ ಸೆಪ್ಟೆಂಬರ್ 22ರ ರಾತ್ರಿ ಕೆಲವೇ ತಾಸುಗಳಲ್ಲಿ 100 ಮಿಲಿಮೀಟರಿಗೂ ಮೀರಿ ಮಳೆ ಸುರಿದು, ಅಂಬಾಝರಿ ಕೆರೆ ಕೋಡಿ ಹರಿದು, ನಾಗನದಿಯ ದಡದ ಬಡಾವಣೆಗಳಿಗೆ ನೀರು ನುಗ್ಗಿದ್ದು ನಮಗೆಲ್ಲ ನೆನಪಿದೆ. ನೆಲಮಹಡಿಯಲ್ಲಿದ್ದ ನಮ್ಮ ಪರಿಚಿತರೊಬ್ಬರ ಮನೆಯಲ್ಲಿ ಮಂಚದ ಮಟ್ಟಕ್ಕೆ ನೀರು ನಿಂತಿತ್ತು. ಅನಂತರ ನಾನು ಆ ಹಳೆಯ ಚಿತ್ರವನ್ನು ತೆಗೆದು ನೋಡಿದೆ. ನೀರಿಗೆ ತನ್ನ ದಾರಿ ನೆನಪಿತ್ತು, ಮರೆತವರು ನಾವು. ನಗರದ ಹೊರಗೆ ಇನ್ನೊಂದು ದಿಣ್ಣೆಯಿಂದ ತೆಗೆದ ಚಿತ್ರ ನನ್ನಲ್ಲಿದೆ. ಅದನ್ನು ಮತ್ತೆ ತೆಗೆಯುವಂತಿಲ್ಲ, ಏಕೆಂದರೆ ನಾನು ನಿಂತಿದ್ದ ಜಾಗವನ್ನೇ ಮುರುಮಿಗಾಗಿ ಅಗೆದು ಲಾರಿಗಳಲ್ಲಿ ಹೊತ್ತು ಹೋಗಿದ್ದಾರೆ.

ಸೀತಾಬರ್ಡಿಯ ಗುಡ್ಡದ ಬಗ್ಗೆ ಎರಡೇ ಮಾತು. 1817ರ ನವೆಂಬರಿನಲ್ಲಿ ಅಪ್ಪಾಸಾಹೇಬ ಭೋಂಸ್ಲೆಯ ಸೇನೆಗೂ ಇಂಗ್ಲಿಷರಿಗೂ ಕದನವಾದ ಜಾಗವದು. ಕೋಟೆ ಸೇನೆಯ ವಶದಲ್ಲಿರುವುದರಿಂದ ಸಾರ್ವಜನಿಕರಿಗೆ ಪ್ರವೇಶ ವರ್ಷದ ಕೆಲವೇ ರಾಷ್ಟ್ರೀಯ ದಿನಗಳಂದು. ಅಲ್ಲಿ ಕ್ಯಾಮರಾ ತೆರೆಯುವ ಮುನ್ನ ಕೇಳಿಯೇ ತೆರೆಯಬೇಕು. ಕೆಳಗೆ, ನಗರದ ನಡುವಣ ಶೂನ್ಯ ಮೈಲಿಗಲ್ಲಿನ ಮುಂದೆ ನಿಂತಾಗ ವಿಲಿಯಂ ಲ್ಯಾಂಬ್ಟನ್ನನನ್ನು ನೆನೆಯಬೇಕು. 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದ ಆತ ಮುಂದೆ ಅರ್ಧ ಟನ್ ತೂಕದ ಥಿಯೊಡೊಲೈಟ್ ಯಂತ್ರವನ್ನು ಗುಡ್ಡದಿಂದ ಗುಡ್ಡಕ್ಕೆ ಹೊರಿಸುತ್ತ ಉತ್ತರಕ್ಕೆ ಬಂದು, ನಾಗಪುರದ ಹಾದಿಯಲ್ಲಿ, ಹಿಂಗಣಘಾಟದಲ್ಲಿ 1823ರ ಜನವರಿ 20ರಂದು ತೀರಿಕೊಂಡ. ಬೆಂಗಳೂರಿನಿಂದ ನಾಗಪುರಕ್ಕೆ ಗುಡ್ಡಗಳನ್ನು ಎಣಿಸುತ್ತ ಬಂದವನು ಅವನೊಬ್ಬನೇ ಇರಬೇಕು. ನಾವೆಲ್ಲ ರೈಲಿನಲ್ಲಿ ಮಲಗಿಕೊಂಡು ಬಂದವರು.

ಈ ಸಂಚಿಕೆಯಲ್ಲಿ ವೈದ್ಯಬಂಧುಗಳ ಲೇಖನಗಳೂ ಇರುವುದರಿಂದ ಅವರ ಕ್ಷೇತ್ರಕ್ಕೆ ನಾನು ಕೈ ಹಾಕಲಾರೆ. ಅನುಭವದ ಮಾತು ಮಾತ್ರ ಇಷ್ಟು. ಅರವತ್ತು ದಾಟಿದವರಿಗೆ ದೊಡ್ಡ ಬೆಟ್ಟ ಹತ್ತಲಾಗದು, ಚಿಕ್ಕ ಗುಡ್ಡ ಹತ್ತಬಹುದು. ಮೊಣಕಾಲಿಗೆ ಕಷ್ಟ ಏರುವಾಗಿನದಕ್ಕಿಂತ ಇಳಿಯುವಾಗಿನದು, ಆದ್ದರಿಂದ ಕೈಗೋಲು ಇರಲಿ. ಎದೆನೋವಿನವರು ವೈದ್ಯರನ್ನು ಕೇಳದೆ ಹೊರಡಬಾರದು. 45 ಡಿಗ್ರಿ ದಾಟುವುದು ಅಪರೂಪವಲ್ಲದ ಇಲ್ಲಿನ ಮೇ ತಿಂಗಳಿನಲ್ಲಿ ಯಾವ ವಯಸ್ಸಿನವರೂ ಹಗಲು ಹೊತ್ತು ಈ ಸಾಹಸ ಮಾಡಕೂಡದು. ಆಗ ಧೂಳಿನ ದೆಸೆಯಿಂದ ಚಿತ್ರವೂ ಬಾರದು. ಮಳೆಗಾಲ ಮುಗಿದು ಗಾಳಿ ತೊಳೆದಂತಾಗುವ ಅಕ್ಟೋಬರ್ ಕೊನೆ, ನವೆಂಬರ್ ಮೊದಲೇ ಸರಿಯಾದ ಕಾಲ. ಬೆಳಗಿನ ಓರೆ ಬಿಸಿಲಿನಲ್ಲಿ ಗದ್ದೆಯ ಬದುಗಳೂ ಎದ್ದು ಕಾಣುತ್ತವೆ.

ಆ ಕಾಲಕ್ಕೇ ನಮ್ಮ ರಾಜ್ಯೋತ್ಸವ ಬರುತ್ತದೆ. 1956ರ ನವೆಂಬರ್ 1ರಂದು ಕನ್ನಡ ಸೀಮೆಗಳು ಒಂದುಗೂಡಿದವು. ಅದೇ ದಿನ, ಅದೇ ಕಾನೂನಿನಿಂದ ನಾಗಪುರ ಮಧ್ಯಪ್ರದೇಶದ ರಾಜಧಾನಿ ಪದವಿಯನ್ನು ಕಳೆದುಕೊಂಡು ಮುಂಬಯಿ ರಾಜ್ಯಕ್ಕೆ ಸೇರಿತು. ನಮಗೆ ಹಬ್ಬವಾದ ದಿನ ಈ ಊರಿಗೆ ಏನಾಗಿತ್ತೆಂಬುದನ್ನು ನಾವು ಯಾವ ಭಾಷಣದಲ್ಲಿಯೂ ಹೇಳಿದ್ದನ್ನು ಕೇಳಿಲ್ಲ. ಆದುದರಿಂದ ಸಂಘದ ಕಾರ್ಯಕಾರಿ ಸಮಿತಿಗೆ ನನ್ನ ಬಿನ್ನಹವಿದು. ಪ್ರತಿ ವರ್ಷ ನವೆಂಬರ್ 1ರ ಬೆಳಿಗ್ಗೆ, ಧ್ವಜವಂದನೆಗೆ ಮೊದಲು, ನಾಲ್ಕು ಜನ ಯುವಕರೂ ಇಬ್ಬರು ಹಿರಿಯರೂ ಸೆಮಿನರಿ ಹಿಲ್ಸಿನ ಒಂದೇ ಗೊತ್ತಾದ ಜಾಗದಲ್ಲಿ ನಿಂತು ಹತ್ತು ಚಿತ್ರ ತೆಗೆಯಲಿ. ಅದಾದ ಮೊದಲ ಭಾನುವಾರ ರಾಮಟೇಕದಲ್ಲಿ ಹತ್ತು. ಜೋಡಿಸಿದ ಚಿತ್ರವನ್ನು ಮುದ್ರಿಸಿ, ಹೆಸರುಗಳನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದು ಸಂಘದ ಸಭಾಂಗಣದಲ್ಲಿ ತೂಗುಹಾಕಲಿ. ಖರ್ಚು ಒಂದು ದಿನದ ಉಪ್ಪಿಟ್ಟು ಕಾಫಿಯದಕ್ಕಿಂತ ಹೆಚ್ಚಾಗಲಾರದು. ಮಕ್ಕಳು ಬೆಂಗಳೂರಿಗೋ ಪರದೇಶಕ್ಕೋ ಹೋದ ಮೇಲೆ, ತಾವು ಹುಟ್ಟಿದ ಊರು ಹೇಗಿತ್ತೆಂದು ಕೇಳಿದರೆ ತೋರಿಸಲು ಬೇಕಲ್ಲ! ಅವರ ಹುಟ್ಟೂರು ಜೋಗವಲ್ಲ, ಆಗುಂಬೆಯಲ್ಲ, ಈ ಬಯಲು.

ಆರಂಭಕ್ಕೆ ನನ್ನ 1986ರ ಚಿತ್ರವನ್ನು ಸಂಘದ ಪುಸ್ತಕದ ಕಪಾಟಿನಲ್ಲಿ ಇರಿಸಿದ್ದೇನೆ. ಮೂರು ಬಣ್ಣದ ಆಕಾಶವಿರುವ, ಆರನೆಯ ಏಳನೆಯ ತುಂಡುಗಳ ನಡುವೆ ಒಂದು ಬೆರಳಗಲ ಬರಿಯ ರಟ್ಟು ಕಾಣುವ ಚಿತ್ರ ಅದು. ಹಿಂಬದಿಯಲ್ಲಿ ಮುದುಕ ಹೇಳಿದ ಹಳ್ಳಿಗಳ ಹೆಸರುಗಳಿವೆ. ಎರಡು ಮೂರು ಶಾಯಿ ಹರಡಿ ಓದಲಾಗುತ್ತಿಲ್ಲ. ರಾಮಟೇಕದ ಕಡೆಯವರು ಯಾರಾದರೂ ನೋಡಿ ತುಂಬಿಸಿಕೊಟ್ಟರೆ ಉಪಕೃತನಾಗುವೆ.